ಜಗಲಿಯ ಮೇಲಿಟ್ಟ ಕೈ

ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಮತ್ತೆ ಕಾಲೇಜಿಗೆ ಸೇರಿದೆ. ಅದಕ್ಕೆ ಮುಂಚೆ ಅಕ್ಕಿಹೆಬ್ಬಾಳಿನ ಆಚೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದ್ದೆ. ಮಗಳ ಮದುವೆ ಆಗಿತ್ತು, ಕೈಕಾಲು ಇನ್ನೂ ಗಟ್ಟಿಯಿದ್ದವು, ಇಲಾಖೆಯವರು ಓದುವುದಕ್ಕೆ ರಜೆ ಕೊಟ್ಟರು. ಕ್ಯಾತನಹಳ್ಳಿಯ ಮನೆಯಲ್ಲಿ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಡಬ್ಬಿಗೆ ಚಿತ್ರಾನ್ನವೋ ಉಪ್ಪಿಟ್ಟೋ ತುಂಬಿಕೊಂಡು ಹೊರಟರೆ ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಇನ್ನೊಂದು, ಅಲ್ಲಿಂದ ಮೈಸೂರಿಗೆ ಮತ್ತೊಂದು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಪುಸ್ತಕ ತೆಗೆದು ಕೂತರೆ ಪಕ್ಕದವರು, "ಮಗಳ ಪುಸ್ತಕವಾ?" ಎಂದು ಕೇಳುವರು. ಹೌದು ಎಂದುಬಿಡುತ್ತಿದ್ದೆ. ನಾನು ಪಡಬೇಕಾದ ನಾಚಿಕೆ ಅಷ್ಟೇ ಎಂದು ಆಗ ತಿಳಿದಿದ್ದೆ.

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಅದು. ಅದರಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಸೋಷಿಯಲ್ ಎಪಿಡೆಮಿಯಾಲಜಿ. ಕನ್ನಡದಲ್ಲಿ ಹೇಳಹೋದರೆ ನಾಲಿಗೆ ತೊಡರುತ್ತದೆ. ಕಾಯಿಲೆ ಬರುವುದು ಬರೀ ಹುಳದಿಂದ, ಉಪ್ಪಿನಿಂದ, ಸಕ್ಕರೆಯಿಂದ ಅಲ್ಲ. ಒಬ್ಬರು ಯಾವ ಬೀದಿಯಲ್ಲಿ ಹುಟ್ಟಿದರು, ಯಾವ ಜಾತಿ, ಎಷ್ಟು ಓದಿದರು, ಯಾರ ಮುಂದೆ ನಿಂತು ಮಾತಾಡಬೇಕು, ಇವೆಲ್ಲ ಮೈಯೊಳಕ್ಕೆ ಇಳಿಯುತ್ತವೆ ಎನ್ನುವುದೇ ಅದರ ಸಾರ. ಪಾಠ ಕೇಳುವಾಗ ನನಗೆ ನನ್ನ ಆಸ್ಪತ್ರೆಯ ಬೆಂಚೇ ಕಣ್ಣಮುಂದೆ ಬರುತ್ತಿತ್ತು. ಇಪ್ಪತ್ತೆರಡು ವರ್ಷ ನೋಡಿದ್ದಕ್ಕೆ ಈಗ ಹೆಸರು ಸಿಕ್ಕಿತಲ್ಲ ಎಂದು ಹಿಗ್ಗಿದ್ದೆ. ಕ್ಲಾಸಿನಲ್ಲಿ ಇದ್ದವರೆಲ್ಲ ನನ್ನ ಮಗಳ ವಯಸ್ಸಿನವರು. ನನ್ನನ್ನು ಅಕ್ಕ ಎನ್ನುತ್ತಿದ್ದರು. ಹಳ್ಳಿಯ ಮಾತು ಬಂದಾಗಲೆಲ್ಲ ನನ್ನ ಕಡೆ ತಿರುಗುತ್ತಿದ್ದರು. ನಾನೂ ತಲೆಯಾಡಿಸಿ ವಿವರಿಸುತ್ತಿದ್ದೆ, ಹಳ್ಳಿಯೆಂದರೆ ಒಂದೇ ಬೀದಿ ಎನ್ನುವ ಹಾಗೆ.

ಎರಡನೆಯ ವರ್ಷ ಪ್ರಬಂಧ ಬರೆಯಬೇಕಿತ್ತು. ಒಂದು ಊರಿನ ಬೇರೆಬೇರೆ ಬೀದಿಗಳ ಹೆಂಗಸರ ರಕ್ತದೊತ್ತಡ ಅಳೆದು, ಅವರ ಬದುಕಿಗೂ ಬಿಪಿಗೂ ಏನು ಸಂಬಂಧ ಎಂದು ನೋಡುವ ವಿಷಯ ಆರಿಸಿಕೊಂಡೆ. ಊರನ್ನು ಹುಡುಕುವ ಕಷ್ಟವಿರಲಿಲ್ಲ. ನನ್ನ ಸೋದರತ್ತೆಯನ್ನು ಕೊಟ್ಟದ್ದು ನಾಗಮಂಗಲದಿಂದ ಬಿಂಡಿಗನವಿಲೆಗೆ ಹೋಗುವ ದಾರಿಯ ಒಂದು ಊರಿಗೆ. ಮಳೆ ನಂಬಿದ ಹೊಲ, ರಾಗಿ, ಹುರುಳಿ, ಮನೆಮನೆಗೂ ಕುರಿ. ಅತ್ತೆಯದು ಆ ಊರಿನ ದೊಡ್ಡ ಮನೆ. ಮನೆ ಮುಂದೆ ಸೊಂಟದೆತ್ತರದ ಜಗಲಿ, ಕಪ್ಪು ಗಾರೆಯದು, ಬೇಸಿಗೆಯಲ್ಲೂ ತಣ್ಣಗಿರುತ್ತದೆ.

"ಅದೇನ್ ಓದ್ತೀಯೇ ಕೂಸೇ ಈ ವಯಸ್ನಾಗೆ?" ಎಂದರು ಅತ್ತೆ, ಅವರೆಕಾಯಿ ಸುಲಿಯುತ್ತಾ.

"ಯಾವ ಜನಕ್ಕೆ ಯಾವ ಕಾಯ್ಲೆ ಬತ್ತದೆ, ಯಾಕೆ ಅವ್ರಿಗೇ ಬತ್ತದೆ ಅಂತ ಅತ್ತೆ."

"ಅದ್ನ ಮೈಸೂರ್ಗೋಗಿ ಓದ್ಬೇಕಾ? ಅಣೇಲಿ ಬರ್ದೋರ್ಗೆ ಬತ್ತದೆ. ನನ್ಗೆ ಬಿಪಿ ಬಂದಿದ್ದು ನಿಮ್ಮಾವ್ನಿಂದ. ಮೊದ್ಲು ಅದ್ನ ಬರ್ಕೊ."

ಒಳಗೆ ಉಯ್ಯಾಲೆಯ ಮೇಲಿದ್ದ ಮಾವ, "ಅವ್ಳಿಂದ ನನ್ಗೆ ಬಂದಿದ್ನೂ ಬರ್ಕೊಳವ್ವ, ಆಳೆ ಸಾಲಾಕಿಲ್ಲ," ಎಂದು ಕೂಗಿದರು. ನಾನು ನಗುತ್ತಾ ಫಾರಂ ಬಿಚ್ಚಿದೆ.

ಮೊದಲೆರಡು ದಿನ ಅತ್ತೆಯ ಬೀದಿಯವರೇ ಬಂದರು. ಜಗಲಿ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಆರಾಮಾಗಿ ಒರಗಿ ಕೂತು, ಸೊಸೆಯಂದಿರ ಮಾತು, ಹಸುವಿನ ಮಾತು ಆಡಿ, ಅತ್ತೆ ಕೊಟ್ಟ ಕಾಫಿ ಕುಡಿದು, ಕೈ ಚಾಚುವರು. ಕಾಫಿ ಕುಡಿದ ತಕ್ಷಣ ಬಿಪಿ ನೋಡಬಾರದೆಂದು ನನಗೆ ಗೊತ್ತಿತ್ತು. ಆದರೆ ಅತ್ತೆಯ ಮನೆಯಲ್ಲಿ ಕಾಫಿ ಬೇಡ ಎನ್ನಲು ಆದೀತೆ ಎಂದು ಸುಮ್ಮನಾದೆ.

ಮೂರನೆಯ ದಿನ ಕಾಲೋನಿಗೆ ಹೋಗಬೇಕಿತ್ತು. ಊರಿನ ಆ ಕಡೆ, ಹಳ್ಳ ದಾಟಿದರೆ ಇಪ್ಪತ್ತು ಮನೆ. ಅಲ್ಲಿನವರಲ್ಲಿ ಹೆಚ್ಚಿನವರು ಊರವರ ಹೊಲದಲ್ಲಿ ಕೆಲಸ ಮಾಡುವವರು. ಬ್ಯಾಗು ಹೆಗಲಿಗೇರಿಸುತ್ತಿದ್ದಂತೆ ಅತ್ತೆ ಅಡ್ಡ ಬಂದರು.

"ನೀನ್ಯಾಕೆ ಈ ಬಿಸ್ಲಲ್ಲಿ ಅಲ್ಲೀಗಂಟ ಓಗ್ತೀಯೆ? ಇಲ್ಗೇ ಬರಾಕೆ ಏಳಿ ಕಳುಸ್ತೀನಿ. ಎಲ್ರೂ ಬತ್ತಾರೆ ಬುಡು."

ನನಗೆ ಸಮಾಧಾನವಾಯಿತು. ಈ ಮಾತನ್ನು ಮರೆಮಾಚದೆ ಬರೆಯಬೇಕು. ಬಿಸಿಲು ತಪ್ಪಿತು ಎನ್ನುವುದು ಅರ್ಧ ಸಮಾಧಾನ. ಅವರ ಮನೆಯೊಳಗೆ ಹೋಗಿ, ಕೂತು, ಅವರು ಕೊಟ್ಟದ್ದನ್ನು ಕುಡಿಯುವುದೋ ಬಿಡುವುದೋ ಎನ್ನುವ ಪೇಚು ತಪ್ಪಿತಲ್ಲ ಎನ್ನುವುದು ಇನ್ನರ್ಧ. ಆಸ್ಪತ್ರೆಯಲ್ಲಿ ಎಲ್ಲರ ಮೈ ಮುಟ್ಟಿದವಳು ನಾನು, ಹೆರಿಗೆ ಮಾಡಿಸಿದವಳು. ಅಲ್ಲಿ ಬಿಳಿ ಕೋಟಿತ್ತು. ಅತ್ತೆಯ ಊರಿನಲ್ಲಿ ನಾನು ದೊಡ್ಡ ಮನೆಯ ಹೆಣ್ಣುಮಗಳು.

ಹೆಂಗಸರು ಬಂದರು. ಕುರ್ಚಿ ಜಗಲಿಯ ಮೇಲೇ ಇತ್ತು. ಯಾರೂ ಹತ್ತಲಿಲ್ಲ. ನಾನೂ ಹತ್ತಿ ಎನ್ನಲಿಲ್ಲ, ಅತ್ತೆಯೂ ಹತ್ತಬೇಡಿ ಎನ್ನಲಿಲ್ಲ. ಯಾರೂ ಏನೂ ಹೇಳಬೇಕಾಗಿಯೇ ಇರಲಿಲ್ಲ. ಅವರು ಜಗಲಿಯ ಬುಡದಲ್ಲಿ ನೆಲದ ಮೇಲೆ ಕೂತರು. ನಾನು ಜಗಲಿಯ ಅಂಚಿನಲ್ಲಿ ಚಾಪೆ ಹಾಕಿಕೊಂಡು, ಬಿಪಿ ಮಿಷನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ. ಒಬ್ಬೊಬ್ಬರಿಗೂ ಹೇಳಿದೆ: "ಕೈ ಮೇಲಕ್ಕೆ ಇಡಮ್ಮ." ಅವರು ಕೆಳಗಿನಿಂದ ತೋಳೆತ್ತಿ ಜಗಲಿಯ ಮೇಲಿಟ್ಟರು. ನಾನು ಪಟ್ಟಿ ಸುತ್ತಿದೆ. ಕೈ ಅವರ ಕಿವಿಯ ಮಟ್ಟಕ್ಕಿತ್ತು.

ಅವರಲ್ಲಿ ಒಬ್ಬಾಕೆ ಗಂಡಸರ ಹಸಿರು ಸ್ವೆಟರು ತೊಟ್ಟಿದ್ದರು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ದಿನಾ ಬೆಳಿಗ್ಗೆ ಅತ್ತೆಯ ಕೊಟ್ಟಿಗೆ ಬಾಚಲು ಬರುತ್ತಿದ್ದವರು. ತೋಳು ಮೇಲಕ್ಕೆ ಸರಿಯದೆ ಸ್ವೆಟರನ್ನೇ ಬಿಚ್ಚಬೇಕಾಯಿತು. ಮಿಷನ್ನು ಅಂಕಿ ತೋರಿಸಿತು.

"ಎಂಗದೆ ಅವ್ವಾರೆ?"

"ಚೆನ್ನಾಗದೆ ಕಣಮ್ಮ."

"ನಾಗಮಂಗ್ಲದಲ್ಲಿ ಮಾತ್ರೆ ಬರ್ಕೊಟ್ಟಿದ್ರು. ತಗಬೇಕಾ ಇನ್ನೂವೆ? ಅದ್ನ ತರಾಕೆ ಓದ್ರೆ ಒಂದಿನ್ದ ಕೆಲ್ಸ ಕೆಡ್ತದೆ."

"ಚೆನ್ನಾಗದೆ, ಏನೂ ಯೋಚ್ನೆ ಮಾಡ್ಬೇಡ. ಮುಂದಿನೋರು ಯಾರು, ಬನ್ನಿ."

ಹನ್ನೆರಡು ಗಂಟೆಯ ಬಸ್ಸಿಗೆ ಮುಂಚೆ ಮುಗಿಸುವ ಆತುರ ನನಗೆ. ಅತ್ತೆ ಎಲ್ಲರಿಗೂ ಟೀ ಕೊಟ್ಟರು. ಹಿಂದೆ ಅವರಿಗೆಂದು ಹಿತ್ತಿಲ ಗೋಡೆಯ ಮೇಲೆ ಬೇರೆ ಲೋಟ ಇರುತ್ತಿತ್ತು. ಈಗ ಕಾಲ ಬದಲಾಗಿದೆ, ಅತ್ತೆ ಪೇಪರ್ ಲೋಟದ ಕಟ್ಟು ತರಿಸಿಡುತ್ತಾರೆ. ಅವರು ಹೋದಮೇಲೆ ಅತ್ತೆ, "ನೋಡ್ದಾ? ಮೈ ಬಗ್ಸಿ ದುಡ್ಯೋರ್ಗೆ ಎಲ್ಲೀ ಬಿಪಿ! ತಿಂದ್ಕೊಂಡು ಕುಂತಿರೋ ನಮ್ಗೇ ಬರೋದು," ಎಂದರು.

ಲೆಕ್ಕ ಹಾಕಿ ನೋಡಿದಾಗ ಬಂದದ್ದೂ ಅದೇ. ಕಾಲೋನಿಯ ಹೆಂಗಸರ ಬಿಪಿ ಊರವರಿಗಿಂತ ಕಡಿಮೆ. ಪುಸ್ತಕದಲ್ಲಿ ಓದಿದ್ದಕ್ಕೆ ತದ್ವಿರುದ್ಧ. ನನ್ನ ಗೈಡ್ ಮೇಡಂ, ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಬಹಳ ಚುರುಕು, ಹಾಳೆ ನೋಡಿ ಕಣ್ಣರಳಿಸಿದರು. ದುಡಿಮೆ ಕಾಪಾಡುತ್ತಿರಬಹುದು, ಸೆಮಿನಾರಿನಲ್ಲಿ ಇದನ್ನು ಮಂಡಿಸಿ ಎಂದರು. ಆ ದಿನ ಶ್ರೀರಂಗಪಟ್ಟಣದಲ್ಲಿ ಇಳಿದು ಮನೆಗೆ ಕಾಲು ಕೆ.ಜಿ. ಮೈಸೂರುಪಾಕು ತೆಗೆದುಕೊಂಡೆ.

ಅದಾದ ಮೇಲೆ ಒಂದು ಬುಧವಾರ. ಕಿರಿಯ ತರಗತಿಯ ಮಕ್ಕಳು ಬಿಪಿ ನೋಡುವುದನ್ನು ಕಲಿಯಬೇಕಿತ್ತು. ಅನುಭವಸ್ಥೆ ಎಂದು ಮೇಡಂ ನನ್ನನ್ನೇ ಕಲಿಸಲು ಕರೆದರು. ಬೆನ್ನು ಒರಗಿರಬೇಕು, ಐದು ನಿಮಿಷ ಸುಮ್ಮನೆ ಕೂತಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು ಎಂದು ಹೇಳಿಕೊಟ್ಟೆ. ಕುರ್ಚಿ ಸಾಲದೆ ಒಬ್ಬ ಹುಡುಗಿ ನೆಲದ ಮೇಲೆ ಕೂತು ತಮಾಷೆಗೆ ಕೈಯನ್ನು ಮೇಜಿನ ಮೇಲೆ ಚಾಚಿದಳು.

"ಹೀಗೆ ನೋಡಿದ್ರೆ ಏನಾಗುತ್ತೆ?" ಎಂದರು ಮೇಡಂ ಎಲ್ಲರನ್ನೂ.

"ಕಡಿಮೆ ತೋರಿಸುತ್ತೆ ಮೇಡಂ. ಇರೋದಕ್ಕಿಂತ ಕಡಿಮೆ," ಎಂದೆ ನಾನು, ಯಾರೂ ಬಾಯಿ ತೆರೆಯುವ ಮುಂಚೆ.

"ಅಕ್ಕನಿಗೆ ಗೊತ್ತಿಲ್ಲದ್ದೇ ಇಲ್ಲ," ಎಂದು ಮಕ್ಕಳು ನಕ್ಕರು.

ಮೇಜಿನ ಮೇಲಿದ್ದ ಆ ಕೈಯನ್ನು ನೋಡುತ್ತಾ ನಿಂತೆ. ಅತ್ತೆಯ ಜಗಲಿಯ ಮೇಲೆ ಬಂದ ಕೈಗಳೂ ಹೀಗೇ ಇದ್ದವು. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಅಳುತ್ತಿದ್ದೆನೇನೋ. ಇದು ಗೊತ್ತಿದ್ದದ್ದು. ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದದ್ದು. ಆಶಾ ಕಾರ್ಯಕರ್ತೆಯರಿಗೆ ಬೈದು ಬೈದು ಕಲಿಸಿದ್ದು. ಅತ್ತೆಯ ಜಗಲಿಯ ಮೇಲೆ ಕೂತ ತಕ್ಷಣ ಅದು ನನ್ನ ತಲೆಯಿಂದ ಎಲ್ಲಿಗೆ ಹೋಯಿತು? ಕೆಳಗಿನಿಂದ ಬಂದ ತೋಳು ಮೇಲಕ್ಕೆ ಚಾಚಿರುವುದು ನನ್ನ ಕಣ್ಣಿಗೆ ವಿಚಿತ್ರವಾಗಿ ಕಾಣಲೇ ಇಲ್ಲ. ಅವರು ನನಗೆ ಕೈ ಚಾಚುವುದೇ ಹಾಗಲ್ಲವೇ?

ಮೇಡಂಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹತ್ತು ದಿನಕ್ಕೆ ಸೆಮಿನಾರಿತ್ತು. ಎದ್ದು ನಿಂತು, ಅದೇ ಹಾಳೆಗಳನ್ನು ತೋರಿಸಿ, ದುಡಿಮೆ ಅವರನ್ನು ಕಾಪಾಡುತ್ತಿರಬಹುದು ಎಂದು ಓದಿದೆ. ನನ್ನ ಧ್ವನಿ ನಡುಗಿತು. ಮೊದಲ ಸಲ ಮಾತಾಡುವ ಭಯ ಎಂದುಕೊಂಡು ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

ನನಗೆ ದಿನದ ಸಂಗತಿ ಬರೆದಿಡುವ ಚಟ ಮೊದಲಿಂದ ಇದೆ. ಯಾವ ಬಸ್ಸು, ಏನು ಅಡುಗೆ, ಹಸು ಎಷ್ಟು ಹಾಲು ಕೊಟ್ಟಿತು, ಯಾರು ಬಂದಿದ್ದರು. ಸೆಮಿನಾರಿನ ಮಾರನೆಯ ದಿನ, ಭಾನುವಾರ, ಬಟ್ಟೆ ಒಣಹಾಕಿ ಬಂದು ಹಳೆಯ ನೋಟ್‌ಬುಕ್ಕು ತೆರೆದೆ. ಆ ಮೂರನೆಯ ದಿನದ ಪುಟದಲ್ಲಿ ನನ್ನದೇ ಅಕ್ಷರ: "ಹಸಿರು ಸ್ವೆಟರಿನಾಕೆ ಮಾತ್ರೆ ಇನ್ನೂ ಬೇಕಾ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಅತ್ತೆ ಮನೆ ಅವರೆಕಾಳು ಸಾರು ಬಹಳ ಚೆನ್ನಾಗಿತ್ತು."

ಆಕೆಯ ಬಿಪಿಯೂ ಚೆನ್ನಾಗಿದೆ, ಸಾರೂ ಚೆನ್ನಾಗಿತ್ತು. ನೋಟ್‌ಬುಕ್ಕು ಮುಚ್ಚಿದೆ. ಅಲ್ಲಿಯವರೆಗೆ ನನ್ನ ಪ್ರಬಂಧ ಏನಾಗುತ್ತದೋ ಎಂದು ಹೆದರಿದ್ದೆನೇ ಹೊರತು ಆಕೆ ಏನಾದರೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದಾಗಿ ಆಗಲೇ ನಾಲ್ಕು ತಿಂಗಳು.

ಸೋಮವಾರ ಪಾಂಡವಪುರದಿಂದ ನಾಗಮಂಗಲದ ಬಸ್ಸು ಹತ್ತಿದೆ. ಅತ್ತೆಯ ಮನೆಗೆ ಹೋಗದೆ ನೇರ ಹಳ್ಳ ದಾಟಿದೆ. ಮನೆ ಯಾವುದೆಂದು ಕೇಳಿಕೊಂಡು ಹೋಗಬೇಕಾಯಿತು. ಬಿಸಿಲಿನ ದಿನ, ಆದರೂ ಆಕೆ ಅದೇ ಸ್ವೆಟರು ತೊಟ್ಟು ಬಾಗಿಲ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ ಎದ್ದರು.

"ಏನವ್ವಾರೆ, ಏನಾಯ್ತು? ನಿಮ್ಮತ್ತೆ ಉಸಾರಾಗವ್ರಾ?"

"ಎಲ್ಲಾ ಚೆನ್ನಾಗವ್ರೆ. ನಿಮ್ಮನ್ನ ನೋಡೋಕೆ ಬಂದೆ. ಕೂತ್ಕೊಳ್ಳಿ, ಇನ್ನೊಂದ್ಸಲ ಬಿಪಿ ನೋಡ್ಬೇಕು."

"ಅದೇನವ್ವಾ ಇವತ್ತು ಕೂತ್ಕೊಳ್ಳಿ ಗೀತ್ಕೊಳ್ಳಿ ಅಂತೀರಿ? ಬಾಮ್ಮ ಓಗಮ್ಮ ಅಂತಿದ್ರಿ. ಇಂಗೆ ಮರ್ವಾದೆ ಕೊಟ್ರೆ ನನ್ಗೆ ಎದ್ರಿಕೆ ಆಯ್ತದೆ. ದೊಡ್ ಕಾಯ್ಲೆ ಏನಾರ ಬಂದದಾ?" ಎಂದು ನಕ್ಕರು.

ಮನೆಯಲ್ಲಿ ಒಂದೇ ಕುರ್ಚಿ, ಕೆಂಪು ಪ್ಲಾಸ್ಟಿಕ್ಕಿನದು. ಅದನ್ನು ಸೆರಗಿನಲ್ಲಿ ಒರೆಸಿ ನನ್ನ ಮುಂದಿಟ್ಟರು. ನೀವು ಕೂರಿ ಎಂದೆ. ನೀವು ನಿಂತಿರುವಾಗ ನಾನೆಂಗೆ ಕೂರಲಿ ಎಂದರು. ಮಿಷನ್ನು ಹಾಗೇ ಕೇಳುತ್ತದೆ ಎಂದೆ. "ಮಿಸನ್ನು ಓದ್ಸಲ ಕೇಳ್ಲಿಲ್ವಲ್ಲ?" ಎಂದರು, ಕುಚೋದ್ಯಕ್ಕಲ್ಲ, ನಿಜವಾಗಿ ಕೇಳಿದ್ದು. ನಾನು ನೆಲದ ಮೇಲೆ ಕೂತೆ. ಆಗ ಆಕೆ ವಿಧಿಯಿಲ್ಲದೆ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದೇಳುವ ಹಾಗೆ ಕೂತರು. ಬೆನ್ನು ಒರಗಿಸಿ ಎಂದು ಮೂರು ಸಲ ಹೇಳಬೇಕಾಯಿತು. ರಾಗಿಹಿಟ್ಟಿನ ಡಬ್ಬವನ್ನು ಪಕ್ಕಕ್ಕೆಳೆದು, ಅದರ ಮೇಲೆ ಮಡಿಸಿದ ಟವೆಲ್ಲಿಟ್ಟು, ಕೈಯನ್ನು ಎದೆಯ ಮಟ್ಟಕ್ಕೆ ತಂದೆ. ಐದು ನಿಮಿಷ ಮಾತಾಡಬಾರದು ಎಂದೆ.

"ಐದ್ ನಿಮ್ಸನಾ? ನಮ್ ಯಜಮಾನ್ರು ಮೂವತ್ ವರ್ಸ ಏಳಿದ್ರೂ ಆಗ್ಲಿಲ್ಲ," ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ಸುಮ್ಮನಾದರು.

ಅಂಕಿ ನೋಡಿದೆ. ತಡೆದು ಮತ್ತೆ ನೋಡಿದೆ, ಇನ್ನೊಂದು ತೋಳಿಗೂ ನೋಡಿದೆ. ಮೇಲಿನ ಅಂಕಿ ನೂರ ತೊಂಬತ್ತಕ್ಕೆ ಹತ್ತಿರ.

"ಮಾತ್ರೆ ತಗೋತಿದ್ದೀರಾ?"

"ನೀವೇ ಚೆನ್ನಾಗದೆ ಅಂದ್ರಲ್ಲವ್ವಾ. ಅವತ್ತೇ ಬುಟ್ಬುಟ್ಟೆ."

"ತಲೆನೋವು, ತಲೆ ಸುತ್ತೋದು?"

"ಅದ್ ಇದ್ದದ್ದೇ. ಬಿಸ್ಲುಗೆ ಅಂದ್ಕೊಂಡೆ. ಮೊನ್ನೆ ಕೊಟ್ಟಿಗೇಲಿ ಕಣ್ಣು ಕತ್ಲೆ ಬಂದು ಗೂಟ ಇಡ್ಕೊಂಡು ನಿಂತಿದ್ದೆ. ನೀವು ಚೆನ್ನಾಗದೆ ಅಂದಿದ್ಕೇ ಧೈರ್ಯವಾಗಿದ್ದೆ."

ನಾನು ತಪ್ಪು ಮಾಡಿದೆ, ಅವತ್ತು ಸರಿಯಾಗಿ ನೋಡಲಿಲ್ಲ ಎಂದೆ. ಹೇಗೆ ತಪ್ಪಾಯಿತು ಎಂದೂ ಹೇಳಿದೆ: ನಿಮ್ಮನ್ನು ಮೇಲೆ ಕೂರಿಸಬೇಕಿತ್ತು, ಕೂರಿಸಲಿಲ್ಲ. ಆಕೆ ನನ್ನ ಮುಖ ನೋಡಲಿಲ್ಲ. ಬಿಚ್ಚಿಟ್ಟಿದ್ದ ಸ್ವೆಟರನ್ನು ಮತ್ತೆ ತೊಟ್ಟುಕೊಂಡರು. "ಬುಡಿ ಅವ್ವಾರೆ, ಆ ಜಗ್ಲಿ ಮ್ಯಾಲಕ್ಕೆ ನಾವೆಂಗೆ ಅತ್ತದು," ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ನನ್ನ ತಪ್ಪನ್ನು ತನ್ನ ಕಡೆಗೇ ಎಳೆದುಕೊಂಡರು.

ಈಗಲೇ ನಾಗಮಂಗಲದ ಆಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ ಎಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಕೂತಿರಿ, ನಾನೇ ಒಲೆ ನೋಡುತ್ತೇನೆ ಎಂದರೂ ಕೇಳದೆ ಎದ್ದು ಟೀ ಕಾಯಿಸಿದರು. ಗೋಡೆಗೂಡಿನಲ್ಲಿ ಸ್ಟೀಲಿನ ಲೋಟಗಳನ್ನು ಬೂದಿ ಹಾಕಿ ಬೆಳಗಿ ಸಾಲಾಗಿ ಬೋರಲು ಹಾಕಿದ್ದರು, ಹೊಳೆಯುತ್ತಿದ್ದವು. ಆಕೆ ಅವನ್ನು ಮುಟ್ಟಲಿಲ್ಲ. ಮೇಲಿನ ಹಲಗೆಯಿಂದ ಪ್ಲಾಸ್ಟಿಕ್ ಕವರು ಇಳಿಸಿ, ಅದರೊಳಗಿನಿಂದ ಒಂದು ಪೇಪರ್ ಲೋಟ ತೆಗೆದು, ಅದಕ್ಕೆ ಟೀ ಬಗ್ಗಿಸಿದರು.

"ಒಸಾದು ಕಣವ್ವಾ, ಅಂಗ್ಡೀದು. ನಮ್ದಲ್ಲ. ಕುಡೀರಿ."

ನಿಮ್ಮ ಲೋಟದಲ್ಲೇ ಕೊಡಿ ಎನ್ನಬಹುದಿತ್ತು. ಪೇಪರ್ ಲೋಟದಲ್ಲೇ ಕುಡಿದೆ. ಬೆಲ್ಲದ ಟೀ, ಶುಂಠಿ ಜಜ್ಜಿ ಹಾಕಿದ್ದರು.

ನಾಗಮಂಗಲದಲ್ಲಿ ಡಾಕ್ಟರು ನೋಡಿ, ಮಧ್ಯಾಹ್ನದವರೆಗೂ ಮಲಗಿಸಿ, ಮಾತ್ರೆ ಕೊಟ್ಟರು. ಇಷ್ಟು ದಿನ ಏನೂ ಆಗದಿದ್ದದ್ದು ಪುಣ್ಯ, ಯಾರು ನಿಲ್ಲಿಸಲು ಹೇಳಿದ್ದು ಎಂದು ಕೇಳಿದರು. ಆಕೆ ನನ್ನ ಕಡೆ ನೋಡದೆ, "ನಾನೇ ಬುಟ್ಟೆ ಸಾಮಿ, ಮರ್ತೋಗಿತ್ತು," ಎಂದುಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಮುಂದಿನವರ ಚೀಟಿ ಹಿಡಿದಿದ್ದರು. ಅವರನ್ನು ನಿಲ್ಲಿಸಿ ಹೇಳಬಹುದಿತ್ತು. ಹೇಳಲಿಲ್ಲ, ಅದನ್ನೂ ಇಲ್ಲಿ ಸೇರಿಸುತ್ತೇನೆ.

ಸಂಜೆ ಆಕೆಯನ್ನು ಮನೆ ಮುಟ್ಟಿಸಿ ಅತ್ತೆಯ ಮನೆಗೆ ಬಂದೆ. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಅತ್ತೆ ಜಗಲಿಯ ಮೇಲೆ, ಅದೇ ಕುರ್ಚಿಯಲ್ಲಿ ಕೂತಿದ್ದರು.

"ಅವ್ಳ ಮನೇಗ್ ಓಗಿದ್ದಂತೆ?"

"ಹ್ಞೂಂ ಅತ್ತೆ. ಬಿಪಿ ಬಹಳ ಜಾಸ್ತಿಯಾಗಿತ್ತು."

"ಪಾಪ, ಮುಂಡೇದು ಬಾಯ್ ಬುಟ್ಟು ಏಳಲ್ಲ. ಒಳ್ಳೇ ಕೆಲ್ಸ ಮಾಡ್ದೆ," ಎಂದರು. ಮನಸ್ಸಿನಿಂದಲೇ ಅಂದದ್ದು, ಅತ್ತೆ ಕೆಟ್ಟವರಲ್ಲ. ಆಮೇಲೆ ಧ್ವನಿ ತಗ್ಗಿಸಿ, "ಅಲ್ಲೇನಾರ ಕುಡುದ್ಯಾ?" ಎಂದು ಕೇಳಿದರು.

ಕುಡಿದೆ ಎಂದಷ್ಟೇ ಹೇಳಿ ನಿಲ್ಲಿಸಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಪೇಪರ್ ಲೋಟದಲ್ಲಿ ಅತ್ತೆ."

"ಅಂಗಾರೆ ಸರಿ ಬುಡು. ಎದ್ದು ಕೈಕಾಲು ತೊಳ್ಕೊ, ಮುದ್ದೆ ಬಿಸಿ ಅದೆ."

ಹೋಗಿ ಕೈಕಾಲು ತೊಳೆದುಕೊಂಡೆ.

ಮೇಡಂಗೆ ಆ ವಾರವೇ ಹೇಳಿದೆ. ಅವರು ಹಾಳೆಗಳನ್ನು ಪಕ್ಕಕ್ಕಿಟ್ಟು, ಮತ್ತೆ ಅಳೆಯಬೇಕು, ಪದವಿ ಒಂದು ಸೆಮಿಸ್ಟರ್ ತಡವಾಗುತ್ತದೆ ಎಂದರು. ತಡವಾಗಲಿ ಎಂದೆ. ಎರಡು ಬೀದಿಯ ಎಲ್ಲರನ್ನೂ ಅವರವರ ಮನೆಯಲ್ಲಿ, ಕಾಫಿಗೆ ಮುಂಚೆ, ಕುರ್ಚಿಯಲ್ಲಿ ಕೂರಿಸಿ ಅಳೆದೆ. ಮಡಿಸುವ ಕುರ್ಚಿಯೊಂದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಓಡಾಡಿದೆ. "ಮದ್ವೆ ಮನೆಯವ್ರಾ ನೀವು?" ಎಂದು ಕಂಡಕ್ಟರು ಕೇಳುತ್ತಿದ್ದ. ಕಾಲೋನಿಯವರ ಬಿಪಿ ಕಡಿಮೆ ಎನ್ನುವ ನನ್ನ ಹೊಸ ಸಂಗತಿ ಅಲ್ಲಿಗೆ ಸುಳ್ಳಾಯಿತು. ಮೊದಲ ಅಳತೆ ಹೇಗೆ ತಪ್ಪಿತು, ಯಾರು ಎಲ್ಲಿ ಕೂತಿದ್ದರು, ಯಾರು ಕೂರಿ ಎನ್ನಲಿಲ್ಲ ಎನ್ನುವುದನ್ನೆಲ್ಲ ಪ್ರಬಂಧದಲ್ಲಿ ಬಿಡಿಸಿ ಬರೆದೆ. ಓದಿದವರು ಪ್ರಾಮಾಣಿಕತೆ ಮೆಚ್ಚಿದರು. ಆ ಮೆಚ್ಚುಗೆ ನನಗೆ ಚುಚ್ಚಿತು, ಏಕೆಂದರೆ ಲೋಟದ ಮಾತನ್ನು ನಾನು ಅದರಲ್ಲಿ ಬರೆದಿರಲಿಲ್ಲ.

ಆ ಮನೆಗಳಲ್ಲೆಲ್ಲ ನನಗೆ ಪೇಪರ್ ಲೋಟವೇ ಬರುತ್ತಿತ್ತು. ಕೊನೆಯ ದಿನ, ಹಸಿರು ಸ್ವೆಟರಿನವರ ಮನೆಯಲ್ಲಿ, ತಿಂಗಳ ಮಾತ್ರೆ ಕೊಟ್ಟು, ಬಿಪಿ ನೋಡಿ, ಈಗ ನಿಜವಾಗಿಯೂ ಇಳಿದಿದೆ ಎಂದಮೇಲೆ, ಗೋಡೆಗೂಡಿನ ಕಡೆ ಕೈ ತೋರಿಸಿ, "ಅದರಲ್ಲಿ ಕೊಡಿ," ಎಂದೆ. ಆಕೆ ನನ್ನನ್ನೂ ಲೋಟವನ್ನೂ ನೋಡಿದರು.

"ಬ್ಯಾಡಿ ಅವ್ವಾರೆ. ನಿಮ್ಮತ್ತೆ ಕೇಳ್ತಾರೆ, ನಿಮ್ಗೂ ತೊಂದ್ರೆ, ನಾಳೆ ಕೊಟ್ಟಿಗೇಗ್ ಓಗೋ ನನ್ಗೂ ತೊಂದ್ರೆ," ಎಂದು ಕವರಿನೊಳಗೆ ಕೈ ಹಾಕಿದರು. ಕಟ್ಟಿನಲ್ಲಿ ಉಳಿದದ್ದು ಅದೊಂದೇ ಲೋಟ. ಟೀ ಬಿಸಿಗೆ ಅದರ ಬುಡ ಮೆತ್ತಗಾಗಿತ್ತು. ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ನೆಲದ ಮೇಲೆ ಕೂತು ಕುಡಿದೆ.